ಎಂಟು ಡಾಲರ್ ಸಾಲ

ಬಸ್ಸಿನ ಲಿಫ್ಟಿಗೆ ಎಣ್ಣೆ ಬಿಡುವುದು ನನ್ನ ಕೆಲಸ,
ಏಪ್ರಿಲ್ ಕೊನೆಯ ವಾರ, ಸರೋವರದ ಮೇಲಿನ ಮಂಜುಗಡ್ಡೆ
ರಾತ್ರಿಯಿಡೀ ನರಳಿ ಬಿರುಕು ಬಿಡುವ ಹೊತ್ತಿಗೆ.
ಹತ್ತೊಂಬತ್ತು ವರ್ಷದಿಂದ ಅದೇ ಡಬ್ಬಿ, ಅದೇ ಚಿಂದಿ ಬಟ್ಟೆ.
ಈ ಸಲ ಮುಚ್ಚಳ ತೆಗೆದವನು ಹಾಗೇ ಕೂತೆ.
ಕಾಗದ ಬಂದಿತ್ತು:
ಈ ಬೇಸಿಗೆಯಿಂದ ಹದಿನೆಂಟು ದಾಟಿದವರಿಗೆ ಶಿಬಿರವಿಲ್ಲ.
ಸಹಿಯ ಮೇಲೊಂದು ಸಾಲು, 'ವಿಷಾದದೊಂದಿಗೆ'.

ಹದಿನೆಂಟು ದಾಟಿದವರು ಎಂದರೆ ಯಾರು, ಹೇಳಲೆ?
ಆರ್ಲೊ, ಇಪ್ಪತ್ತೇಳು. ಡುಲೂತ್‌ನಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆ.
ಹತ್ತುವ ಮುಂಚೆ ನನ್ನ ಟೈರುಗಳನ್ನೆಲ್ಲ ಮುಟ್ಟಿ ನೋಡುತ್ತಾನೆ.
ಒಮ್ಮೆ, ಇದರಲ್ಲಿ ಗಾಳಿ ಕಮ್ಮಿ ಅಂದ.
ನಾನು ನಕ್ಕೆ. ನಲವತ್ತು ಮೈಲಿಯಾಚೆ ನಗು ಇಳಿಯಿತು.
ಸೋಲ್ವೈ ಮತ್ತು ಅವಳ ಅವಳಿ ತಂಗಿ,
ಬೆರಳುಗಳಲ್ಲೇ ಜಗಳವಾಡುವವರು;
ಹಿಂದಿನದು ಕಾಣುವ ಕನ್ನಡಿಯಲ್ಲಿ ನೋಡಿ ನೋಡಿ
ಬೈಗುಳವಷ್ಟೂ ನನಗೆ ಬಾಯಿಪಾಠ, ಅಲ್ಲ, ಕೈಪಾಠ.
ಪಾವ್ ವಾಂಗ್, ಮೂವತ್ತೊಂದು:
ಮೊದಲ ಸಂಜೆ ಕಟ್ಟೆಯ ತುದಿಯಲ್ಲಿ ನೀರಿಗೆ ಕಾಲಿಳಿಬಿಟ್ಟನೆಂದರೆ
ಊಟದ ಗಂಟೆಗೂ ಏಳುವುದಿಲ್ಲ.
ಲೂನ್ ಹಕ್ಕಿ ಕೂಗುತ್ತದೆ. ಇವನು ತಲೆಯಾಡಿಸುತ್ತಾನೆ,
ಆ ಸಂಗತಿ ತನಗೆ ಮೊದಲೇ ಗೊತ್ತಿತ್ತು ಎಂಬಂತೆ.

ಶಾಲೆಯ ಹಳದಿ ಬಸ್ಸು ಇವರ ಬಾಗಿಲಿಗೆ ಬರುವುದು ಬಿಟ್ಟು
ಎಷ್ಟೋ ಚಳಿಗಾಲ ಕಳೆಯಿತು.
ಮಕ್ಕಳಾಗಿದ್ದಾಗ ಊರೆಲ್ಲ ಕೆನ್ನೆ ಹಿಂಡಿತ್ತು.
ಇವರಿಗೆ ಗಡ್ಡ ಬಂತು, ಊರಿಗೆ ಬೇರೆ ಕೆಲಸ ಬಂತು.

ಮೇ ತಿಂಗಳ ಎರಡನೆಯ ಮಂಗಳವಾರ, ಚರ್ಚಿನ ನೆಲಮಾಳಿಗೆಯಲ್ಲಿ ಸಭೆ.
ಅಧ್ಯಕ್ಷ ಹಾಲ್ವರ್ಸನ್ ಕೆಟ್ಟವನಲ್ಲ,
ದೋಣಿಕಟ್ಟೆಗೆ ಮೊದಲ ಹಲಗೆ ಹೊಡೆದದ್ದೇ ಅವನಪ್ಪ.
ಎದುರಿಗೆ ಲೆಕ್ಕದ ಹಾಳೆ: ವಿಮೆ ಏರಿದೆ,
ದೊಡ್ಡವರನ್ನು ಎತ್ತಲು ಇಬ್ಬಿಬ್ಬರು ಬೇಕು, ಮಂಚ ಸಾಲದು.
ಒಂದೂ ಸುಳ್ಳಲ್ಲ. ಅದೇ ಕಷ್ಟ.
"ಒಬ್ಬೊಬ್ಬರಿಗೆ ಎರಡು ನಿಮಿಷ" ಎಂದು
ಮೊಟ್ಟೆ ಬೇಯಿಸುವ ಗಡಿಯಾರ ತಿರುಗಿಸಿಟ್ಟ.

ಡೆಲ್ಫಿನ್ ಮುಂದೆ ಬಂದಳು.
ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ,
ಇವಳ ಬಾಯಿ ಒಂದು ಯಂತ್ರ.
ಕಣ್ಣು ಒಂದು ಅಕ್ಷರದ ಮೇಲೆ ನಿಲ್ಲಬೇಕು,
ಅಕ್ಷರ ಒಪ್ಪಬೇಕು,
ಆಮೇಲೆ ಮುಂದಿನದರ ಬಳಿ ನಡೆಯಬೇಕು.
ಮೂರು ಪದಕ್ಕೇ ಗಡಿಯಾರ ಕಿರುಚಿತು.
ಯಾರೂ ಅಲುಗಲಿಲ್ಲ.
ಕಾಫಿ ಬಗ್ಗಿಸುತ್ತಿದ್ದ ಹೆಂಗಸು ಅದನ್ನೆತ್ತಿ
ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು.

ಏಳು ನಿಮಿಷ. ಕೊಳವೆಯಲ್ಲಿ ನೀರು ಹರಿಯುವುದು ಕೇಳುತ್ತಿತ್ತು.
ನಾನು ಕಣ್ಣೀರಿಗೆ ತಯಾರಾಗಿ ಕರ್ಚೀಫು ಹಿಡಿದಿದ್ದೆ.
ಯಂತ್ರ, ಹವಾ ವರದಿ ಓದುವ ದನಿಯಲ್ಲಿ, ಹೇಳಿತು:
"ಇಸ್ಪೀಟಿನಲ್ಲಿ ಆರ್ಲೊ ನನಗೆ ಎಂಟು ಡಾಲರ್ ಕೊಡಬೇಕು.
ಶಿಬಿರ ಮುಚ್ಚಿದರೆ
ನೀವು ಕೊಡುತ್ತೀರಾ?"

"ಆರು!" ಹಿಂದಿನ ಸಾಲಿನಿಂದ ಆರ್ಲೊ ಎದ್ದ.
"ಎಂಟಲ್ಲ, ಆರು! ಅವಳು ಎಲೆ ಬಚ್ಚಿಡ್ತಾಳೆ!"

ಹಾಲ್ವರ್ಸನ್ ಕನ್ನಡಕ ತೆಗೆದ, ಒರೆಸಿದ, ಮತ್ತೆ ಒರೆಸಿದ.
ಲೆಕ್ಕದ ಹಾಳೆಯಲ್ಲಿ ಈ ಬಾಬತ್ತಿಗೆ ಕಲಮೇ ಇರಲಿಲ್ಲ.
ಹನ್ನೊಂದು ಕೈಗಳಲ್ಲಿ ಆರು ಎದ್ದವು,
ಕೊನೆಯದು ಅವನದೇ, ಕಿವಿ ಕೆರೆಯಲು ಹೊರಟು
ದಾರಿಯಲ್ಲಿ ಮನಸ್ಸು ಬದಲಿಸಿದ ಹಾಗೆ.
ಈ ಒಂದು ಬೇಸಿಗೆ ಮಾತ್ರ, ಎಂದು ಬರೆದುಕೊಂಡರು.

ಮನೆಗೆ ಬಂದು ರಾತ್ರಿಯೇ ಲಿಫ್ಟಿಗೆ ಎಣ್ಣೆ ಬಿಟ್ಟೆ.

ಈಗ ಆಗಸ್ಟ್. ಕಟ್ಟೆಯ ತುದಿಯಲ್ಲಿ ಪಾವ್‌ನ ಎರಡು ಪಾದ,
ನೀರೊಳಗೆ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಬಾಗಿ.
ಬರುವ ವರ್ಷದ್ದು ಯಾರಿಗೂ ಗೊತ್ತಿಲ್ಲ.
ಊಟದ ಮನೆಯಲ್ಲಿ ಎಲೆ ಹಾಕುವ ಸದ್ದು;
ಸಾಲ ಹದಿನಾಲ್ಕು ಡಾಲರ್‌ಗೆ ಏರಿದೆಯಂತೆ,
ಆರ್ಲೊ ತೀರಿಸುವ ಲಕ್ಷಣವಿಲ್ಲ.

ಜೇಬಿನಲ್ಲಿ ಇಪ್ಪತ್ತರ ನೋಟು ಇದೆ, ನಾನೇ ನೋಡಿದ್ದೇನೆ.