ನೂರಹನ್ನೆರಡನೆಯ ಪುಟ

ಮೊದಲೇ ಹೇಳಿಬಿಡುತ್ತೇನೆ: ನಾನು ಕಳ್ಳ.
ಲಾಗೋಸಿನ ಶೋಮೋಲು, ಮೂರನೇ ಗಲ್ಲಿ, ತಗಡಿನ ಸೂರು,
ಡೀಸೆಲ್ ಇದ್ದ ರಾತ್ರಿ ಅಚ್ಚು,
ಇಲ್ಲದ ರಾತ್ರಿ ಸೊಳ್ಳೆ.

ಒಂಬತ್ತು ವರ್ಷ ನನ್ನ ಮನೆಯ ಒಲೆ ಉರಿದದ್ದು
ಫೊಲಾರಿನ್ ಅಕಿನ್ಸೋಲಾ ಬರೆದ ಮಾತಿನಿಂದ.
'ಬೀಗದ ಕೈ ನಿನ್ನ ಜೇಬಿನಲ್ಲೇ ಇದೆ' –
ನೂರಾ ಅರವತ್ತು ಪುಟ, ಹಳದಿ ರಟ್ಟು,
ಬೆನ್ನಿಗೆ ಕೋಟು ತೊಟ್ಟು ನಗುವ ಅವನ ಪಟ.
ನನ್ನ ಅಗ್ಗದ ಮಸಿಯಲ್ಲಿ ಆ ನಗು
ಕೊಂಚ ನೀಲಿಗಟ್ಟುತ್ತಿತ್ತು,
ಚಳಿಜ್ವರ ಬಂದವನ ಹಾಗೆ.

ಹುಡುಗರು ಹೊತ್ತೊಯ್ದು ಉದ್ದ ಸೇತುವೆಯ ಮೇಲೆ
ಅಲ್ಲಾಡದೆ ನಿಂತ ಬಸ್ಸುಗಳ ನಡುವೆ ಓಡುತ್ತಿದ್ದರು,
ಒಂದು ಕೈಯಲ್ಲಿ ನೀರಿನ ಪೊಟ್ಟಣ, ಇನ್ನೊಂದರಲ್ಲಿ ಅವನು.
ಬಾಯಾರಿದವರು ನೀರು ಕೊಂಡರು.
ಇನ್ನೂ ಹೆಚ್ಚು ಬಾಯಾರಿದವರು ಪುಸ್ತಕ.

ನಾನು ಓದಿದೆನೆ? ಅಚ್ಚಿನವನು ಓದುವುದಿಲ್ಲ, ಎಣಿಸುತ್ತಾನೆ.
ಆದರೂ ಹಾಳೆ ಮಡಚುವಾಗ ಒಂದೆರಡು ಸಾಲು
ಉಗುರಿನ ಮಸಿಯಂತೆ ಅಂಟಿಕೊಂಡುಬಿಡುತ್ತವೆ:
'ನಿನ್ನ ಚಪ್ಪಲಿ ಸವೆದಿದ್ದರೆ, ನೀನು ನಡೆದಿದ್ದೀ ಎಂದು ಅರ್ಥ.'
ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.
ಇಫೆಯಿನ್ವಾ ಬಾಳೆಕಾಯಿ ಹುರಿಯುತ್ತಲೇ ಕೇಳಿದಳು:
'ಹೊಸ ಜೋಡಿಗೆ ದುಡ್ಡು ಅವನೇ ಕಳಿಸುತ್ತಾನಂತಾ?'

ಅವನು ಬಂದದ್ದು ಒಂದು ಮಂಗಳವಾರ, ಕರೆಂಟು ಹೋದ ಹೊತ್ತು.
ನನ್ನ ಎದೆ ಧಸಕ್ಕೆಂದಿತು. ಹಿತ್ತಲ ಬಾಗಿಲು ನೋಡಿಕೊಂಡೆ.
ಹಿಂದೆ ಪೊಲೀಸರಿಲ್ಲ, ವಕೀಲರಿಲ್ಲ.
ಅದೇ ಕೋಟು, ಮೊಣಕೈಗೆ ತೇಪೆ;
ಪಟಕ್ಕಿಂತ ಇಪ್ಪತ್ತು ವರ್ಷ ಹಳಬ.
'ಇನ್ನೂರು ಪ್ರತಿ ಬೇಕು' ಅಂದ.
'ಯಾವ ಪುಸ್ತಕ?' ಅಂದೆ, ಏನೂ ಅರಿಯದವನಂತೆ.
'ನನ್ನದು.'

ಪ್ರಕಾಶಕ ಅಂಗಡಿ ಎತ್ತಿ ಅಕ್ರಾ ಸೇರಿದ್ದನಂತೆ.
ಭಾನುವಾರ ಇಬಾದಾನಿನಲ್ಲಿ ಮೆಕ್ಯಾನಿಕ್ಕುಗಳ ಸಂಘಕ್ಕೆ ಭಾಷಣ,
ಭಾಷಣಕ್ಕೆ ದುಡ್ಡಿಲ್ಲ, ಬಾಗಿಲಲ್ಲಿ ಪುಸ್ತಕ ಮಾರಿಕೊಳ್ಳಬಹುದು.
ಸಗಟು ದರ ಹೇಳಿದೆ. ಚೌಕಾಸಿ ಮಾಡಿದ!
ಪ್ರತಿಗೆ ನಲವತ್ತು ನೈರಾ ಇಳಿಸಿದೆ;
ಕಳ್ಳನಿಗೂ ಒಂದು ಮರ್ಯಾದೆ ಇರುತ್ತದಲ್ಲ.

ಡೀಸೆಲ್ ತರಲು ಹುಡುಗ ಹೋದ. ಮೇಣದಬತ್ತಿಯ ಬೆಳಕಲ್ಲಿ
ಅವನು ಒಂದು ಪ್ರತಿ ತಿರುವುತ್ತಾ ಕೂತ,
ಪರರ ಪುಸ್ತಕ ಓದುವವನ ಹಾಗೆ ಹುಬ್ಬು ಗಂಟಿಕ್ಕಿ.
ನೂರಹನ್ನೆರಡರಲ್ಲಿ ಬೆರಳು ನಿಂತಿತು.
ಖಾಲಿ. ಹಾಲಿನಂಥ ಬಿಳಿ.
'ಆ ಪ್ಲೇಟು ಒಡೆದು ಆರು ವರ್ಷವಾಯಿತು' ಅಂದೆ,
'ಯಾರೂ ಕೇಳಲಿಲ್ಲ, ನಾನೂ ಮಾಡಿಸಲಿಲ್ಲ.'

ಅವನು ನಕ್ಕ. ಪಟದ ನಗುವಲ್ಲ.
ಓನಿಚಾದಿಂದ ವೆಲ್ಡಿಂಗ್ ಮಾಡುವ ಹೆಂಗಸೊಬ್ಬಳು
ಕಾಗದ ಬರೆದಿದ್ದಳಂತೆ, ಹೆಸರು ಒಬಿಯಾಗೆಲಿ:
'ಅಯ್ಯಾ, ನೀವು ನನಗೆಂದು ಬಿಟ್ಟ ಆ ಖಾಲಿ ಪುಟದಲ್ಲಿ
ನನ್ನ ಸಾಲಗಳನ್ನೆಲ್ಲ ಬರೆದೆ.
ಒಂದೊಂದೇ ಹೊಡೆದುಹಾಕಿದೆ. ಉಳಿದವು ಎರಡು.
ಪುಸ್ತಕದಲ್ಲಿ ಅದೇ ಒಳ್ಳೆಯ ಪುಟ.'
'ಯಾವ ಖಾಲಿ ಪುಟ ಎಂದು ತಲೆ ಕೆಡಿಸಿಕೊಂಡಿದ್ದೆ,
ನೀನಾ?' ಅಂದ.

ಸ್ವಲ್ಪ ಹೊತ್ತು ಮೇಣ ಮಾತ್ರ ಇಳಿಯಿತು.
'ಅಲ್ಲಿ ಏನಿತ್ತು?' ಕೇಳಬಾರದಿತ್ತು, ಕೇಳಿದೆ.
'ನನ್ನ ತಮ್ಮ. ಹಾಸಿಗೆ ಹಿಡಿದವನು.
ನನ್ನ ಮಾತು ಕೇಳಿ ಎದ್ದು ನಿಂತ ಎಂದು ಬರೆದಿದ್ದೆ.'
ಮತ್ತೆ ಆ ಬಿಳಿಯ ಮೇಲೆ ಅಂಗೈ ಇಟ್ಟ,
ಮಲಗಿದವನ ಹಣೆ ಮುಟ್ಟುವ ಹಾಗೆ.
'ಏಳಲಿಲ್ಲ.'

ಹುಡುಗ ಬಂದ. ಜನರೇಟರು ಕೆಮ್ಮಿ ಎಚ್ಚರಾಯಿತು.
ಕೋಟು ಕಳಚಿ ಮೊಳೆಗೆ ತಗುಲಿಸಿ
ಅವನೂ ನಮ್ಮೊಡನೆ ಕೂತು ಹಾಳೆ ಮಡಚಿದ,
ಬೆಳಗಿನ ಬಾಂಗಿನ ತನಕ. ಮಡಿಕೆ ಎಲ್ಲ ಸೊಟ್ಟ.
'ಆ ಪುಟ ಹೊಸದಾಗಿ ಮಾಡಿಸಲಾ? ಪುಕ್ಕಟೆ' ಅಂದೆ.
'ಬೇಡ, ಹಾಗೇ ಇರಲಿ.'

ಹಳದಿ ಡಾನ್ಫೋ ಬಸ್ಸಿನ ಮೇಲೆ ಕಟ್ಟು ಕಟ್ಟಿಸಿ ಹೋದ.
ಹೋದವನು ಅಡ್ಡರಸ್ತೆಯಿಂದ ಓಡಿ ಬಂದ:
'ಎರಡು ಪ್ರತಿ ಕಮ್ಮಿ ಇದೆ!'
ಇತ್ತು. ಕೊಟ್ಟೆ.

ನನ್ನ ಹತ್ತಿರವೂ ಒಂದಿದೆ ಈಗ, ಮಾರದೆ ಇಟ್ಟದ್ದು.
ಆ ಪುಟದಲ್ಲಿ ಏನು ಬರೆಯಲಿ ಎಂದು
ತಿಂಗಳುಗಟ್ಟಲೆ ಯೋಚಿಸಿದೆ.
ಅಷ್ಟರಲ್ಲಿ ಇಫೆಯಿನ್ವಾ
ಡೀಸೆಲ್ಲಿನ ಲೆಕ್ಕ ಬರೆದುಬಿಟ್ಟಿದ್ದಾಳೆ.
ಕೂಡಿಸಿದ್ದು ತಪ್ಪು.
ತಿದ್ದಲು ಹೋಗಿಲ್ಲ.