ಆಳದ ಕಾಲಂ

ಮಂಗಳವಾರ, ಹನ್ನೊಂದು ಇಪ್ಪತ್ತು.
ಕಿಟಕಿಯಾಚೆ ಮೈಸೂರು ಬ್ಯಾಂಕ್ ಸರ್ಕಲ್ಲಿನ ಬಸ್ಸುಗಳು
ಒಂದನ್ನೊಂದು ಬೈದುಕೊಳ್ಳುತ್ತಿರುವಾಗ
ಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು:
"ಹಲಸೂರು ಕಡೆಯ ಮ್ಯಾನ್‌ಹೋಲುಗಳ ಆಳ ಎಲ್ಲಿದೆ ಮೇಡಂ?
ಮೂರಕ್ಕೆ ಮೀಟಿಂಗು."

ಆಳ ಎಲ್ಲಿದೆ.
ಕೆಳಗಿದೆ ಸಾರ್, ಅನ್ನಬೇಕೆನಿಸಿತು. ಅನ್ನಲಿಲ್ಲ.
ಕಾಂಟ್ರಾಕ್ಟು ನೌಕರಿ.

ನಗರವೆಂದರೆ ನನಗೆ ಎಂಟುನೂರ ಹದಿನಾಲ್ಕು ಪದರ;
ಈರುಳ್ಳಿಯಲ್ಲ, ಸುಲಿದರೆ ಕಣ್ಣೀರೂ ಬರುವುದಿಲ್ಲ.
ದೀಪದ ಕಂಬ, ಒತ್ತುವರಿ, ಮರ,
'ಹೊಸದು', 'ಹೊಸದು ಎರಡು', 'ಇದೇ ಫೈನಲ್',
ಒಂದೊಂದರ ಹೊಟ್ಟೆಯಲ್ಲೂ ನಲವತ್ತು ಐವತ್ತು ಕಾಲಂ.
ಹೆಸರಿಟ್ಟವರು ಯಾರೋ, ಬಿಟ್ಟುಹೋದವರು ಯಾರೋ.
ಹತ್ತು ಅಕ್ಷರ ದಾಟಿದರೆ ಕತ್ತರಿಸಿಬಿಡುವ ಹಳೇ ಫೈಲು,
ಮೋಟು ಬಾಲದ ಕರುಗಳಂತೆ ನಿಂತಿವೆ ಪದಗಳು.

ಕೈಯಲ್ಲಿ ಹುಡುಕಿದರೆ ಶ್ರಾವಣ ಮುಗಿಯುತ್ತದೆ.
ಸ್ಕ್ರಿಪ್ಟು ಬರೆದೆ, ಹದಿನೇಳು ಸಾಲು:
ಪ್ರತಿ ಪದರಕ್ಕೂ ಹೋಗು, ಬಾಗಿಲು ತಟ್ಟು,
ಒಳಗಿರುವ ಪ್ರತಿ ಕಾಲಮಿನ ಹೆಸರು ಕೇಳು,
ಹೆಸರಲ್ಲೆಲ್ಲಾದರೂ ಆಳ ಇದ್ದರೆ
ಬಂದು ಹೇಳು.
ಜನಗಣತಿಯ ಮೇಷ್ಟರ ಹಾಗೆ ಹೊರಟಿತು ಅದು,
ಚಪ್ಪಲಿಯಿಲ್ಲದೆ, ಬಿಸಿಲಿಲ್ಲದೆ.

ನಮ್ಮ ಕಾಲಮುಗಳದು ಕನ್ನಡ ಬಾಯಿ, ಇಂಗ್ಲಿಷ್ ಮೈ.
ಎ ಎಲ್ ಎ ಎಂದು ಬರೆದರೆ ಆಳವೂ ಆಲವೂ ಒಂದೇ;
ಳ ಅನ್ನಲು ಅಲ್ಲಿ ನಾಲಿಗೆ ಮಡಚುವಷ್ಟು ಜಾಗವಿಲ್ಲ.
ಸ್ಕ್ರಿಪ್ಟು ಹೊತ್ತು ತಂದು ಸುರಿಯಿತು:
ಅಗಲ. ನಾಲಾ. ಜಲಮೂಲ. ಕಾಲ. ಬಾಕಿಸಾಲ. ಮಲನೀರು.
ಕಲಾಸಿಪಾಳ್ಯ ಕೂಡ ಬಂತು, ಮೈ ಕೊಡವಿಕೊಂಡು.
ಮುನ್ನೂರ ಆರು ಕಡೆ ಅಡಗಿತ್ತು ಆಳ,
ನೀರಿನಲ್ಲಿ, ಸಾಲದಲ್ಲಿ, ಕಾಲದಲ್ಲಿ.
ನಾನು ಕೇಳಿದ್ದು ಎಲ್ಲೋ ಅವುಗಳ ಗದ್ದಲದಲ್ಲಿ.

ನಗು ಬಂತು. ಪಕ್ಕದ ಜಬೀನ್ ಚಕ್ಕುಲಿ ಮುರಿಯುತ್ತ
"ಹೆಸರು ಅಲ್ಲಿಂದಲೇ ಶುರುವಾಗಬೇಕು ಅನ್ನು ಅದಕ್ಕೆ" ಅಂದಳು.
ಅಂದೆ.
ಒಂದೇ ಒಂದು ಉಳಿಯಿತು.

ಮ್ಯಾನ್‌ಹೋಲ್ ಪದರ, ಮೂವತ್ತೆಂಟನೇ ಕಾಲಂ,
ಹನ್ನೆರಡು ಸಾವಿರ ಸಾಲು.
ಇಳಿದೆ. ಖಾಲಿ. ಇಳಿದೆ. ಖಾಲಿ.
ಸೊನ್ನೆಯಲ್ಲ. ಸೊನ್ನೆಯಾದರೆ ಯಾರೋ ಅಳೆದು
ಏನಿಲ್ಲ ಎಂದು ಬರೆದ ಹಾಗೆ.
ಖಾಲಿ ಎಂದರೆ ಯಾರೂ ಬಗ್ಗಿ ನೋಡಲೇ ಇಲ್ಲ.

ಬಗ್ಗಿ ನೋಡಿದವನೊಬ್ಬ ಇದ್ದ,
ಕೆಳಗೆ, ಜೀಪಿನ ನೆರಳಲ್ಲಿ. ಪೆಂಚಲಯ್ಯ.
ಈಗ ಗೇಟಿನ ಕೆಲಸ.
ನಕ್ಷೆ ಹಿಡಿದು ಹೋದೆ, ಅವನಿಗದು ಬೇಕಿರಲಿಲ್ಲ.
"ಮಸೀದಿ ಮುಂದಿಂದಾ? ಸೊಂಟಮಟ್ಟ.
ಟಿಂಬರ್ ಅಂಗಡಿ ಹತ್ರ ಎದೆಮಟ್ಟ, ಬಲಕ್ಕೆ ಕಲ್ಲೈತೆ, ಹುಷಾರು.
ಗುರುದ್ವಾರದ ಹಿಂದೆ ಒಂದೂವರೆ ಆಳು.
ಕೆರೆ ಕೋಡಿ ಕಡೇದು..."
ಬೀಡಿ ಹಚ್ಚಿದ. ಎರಡು ಕಡ್ಡಿ ಆರಿದವು.
"ಅದು ಎರಡಾಳು ಮೇಡಂ.
ನಾನು, ನನ್ನ ತಮ್ಮ.
ಮೇಲಿದ್ದೋನು ನಾನು."

ಎರಡು ಐವತ್ತಕ್ಕೆ ಕುರ್ಚಿಗೆ ಬಂದೆ.
ಆ ಕಾಲಂ ಅಂಕಿ ಮಾತ್ರ ಉಣ್ಣುತ್ತದೆ.
ಬೇಕೆಂದೇ ಎರಡಾಳು ಎಂದು ಒತ್ತಿದೆ,
ಕೆಂಪಗೆ ಉಗುಳಿತು.
ಗುಣಿಸಿ, ಮೂರು ಪಾಯಿಂಟ್ ಎರಡು ಎಂದು ತುಂಬಿದೆ;
ನುಂಗಿತು, ಸದ್ದಿಲ್ಲದೆ.

ಆಮೇಲೆ ಷರಾ ಕಾಲಂ. ಅಲ್ಲಿ ಏನನ್ನಾದರೂ ಬರೆಯಬಹುದು.
ಅಳೆದವರು: ಪೆಂಚಲಯ್ಯ,
ಇಂಗ್ಲಿಷ್ ಅಕ್ಷರ ಒತ್ತುವಾಗ ಕಂಡಿತು,
ಅವನ ಹೆಸರಿನ ನಡುವೆಯೂ ಅದೇ ಎ ಎಲ್ ಎ.
ಮತ್ತು,
ತಮ್ಮನ ಹೆಸರು ಕೇಳಿರಲಿಲ್ಲ.

ಸಾಹೇಬರು ಕೂಗುತ್ತಿದ್ದರು.
ಮತ್ತು ಎಂಬುದರ ಮುಂದೆ ಕರ್ಸರು ಮಿಣುಕುತ್ತಲೇ ಇತ್ತು.
ಎದ್ದೆ,
ಮತ್ತೆ ಮೆಟ್ಟಿಲಿಳಿದೆ.