ನಲವತ್ತೊಂದೂವರೆ ಕಿಲೋ

ಬೀದರಿನ ಗಾಳಿಗೆ ನನ್ನ ಗುರುತು ಹತ್ತಿದ್ದು
ಚಿದ್ರಿ ರೋಡಿನ ತಿರುವಿನಾಗ.
ಎದುರಿಂದ ಬಂದು ಹ್ಯಾಂಡಲ್ ಹಿಡದು ಕೇಳ್ತು:
ಯಾರ ಮನಿ ಹಾಳಿ ಇದು, ಹಾರಿಸ್ಲಾ?

ಏರ್‌ಫೋರ್ಸಿನ ಹುಡುಗ ಒಬ್ಬ ವರ್ಗ ಆಗಿ ಹೋಗೋ ಮುಂದ
ಮಾರಿದ ಗೇರ್ ಸೈಕಲ್ಲು, ಹದಿನಾಲ್ಕು ಕಿಲೋ.
ನಾ ನಲವತ್ತೊಂದೂವರೆ.
ದವಾಖಾನಿ ಲ್ಯಾಬಿನಾಗ ದಿನಾ ಮಂದಿ ರಕ್ತ ತಗೀತೀನಿ.
"ಮೊದ್ಲ ನಿಮ್ದು ಚೆಕ್ ಮಾಡ್ಕೋರಿ ಮ್ಯಾಡಂ" ಅಂತಾರ.
ತೋಳು ಹಿಡದು ನರ ಹುಡುಕೋದು ನನ್ನ ಕಸಬು;
ನನ್ನ ತೋಳಿನಾಗ ಹುಡುಕೋದು ಬೇಕಾಗಿಲ್ಲ.

ಓಣಿ ಮಂದಿ ನಕ್ಕರು:
ಸೈಕಲ್ಲು ತೂಕ ಇಳಿಸೋರದು,
ನಿನಗ ಇಳಸ್ಲಿಕ್ಕ ಏನದ?

ಮೊದಲ ಐತವಾರ ಅಷ್ಟೂರಿಗೆ ಇಳದೆ.
ಇಳಿಯೋದೇನು, ಕಲ್ಲೂ ಇಳೀತದ.
ಗುಮ್ಮಟದ ನೆರಳಿನಾಗ ನೀರು ಕುಡದು
ತಿರುಗಿ ಏರೋ ಮುಂದ, ಅರ್ಧ ದಾರಿಗೆ
ಕಣ್ಣಿಗೆ ಕತ್ತಲಿ, ಕಿವ್ಯಾಗ ಜೀರುಂಡಿ.
ಕೆಂಪು ಕಲ್ಲಿನ ಮ್ಯಾಲ ಕುಂತೆ.
ಎಮ್ಮಿ ಹೊಡಕೊಂಡು ಹೊಂಟ ಮುದುಕಿ ನಿಂತು ನೋಡಿ
ಉಡಿಯಿಂದ ಬೆಲ್ಲದ ತುಣುಕು ತಗದು ಕೊಟ್ಟಳು.
ಸೈಕಲ್ಲಿನ ಬಗ್ಗೆ ಏನೂ ಕೇಳಲಿಲ್ಲ.
"ಉಂಡಿಲ್ಲ" ಅಂದಳು. ಪ್ರಶ್ನೆ ಅಲ್ಲ ಅದು.

ಮೈಲೂರು ಕ್ರಾಸಿನ ಪಂಕ್ಚರ್ ಅಂಗಡಿ ಮೊಹಿದ್ದೀನ್ ಚಾಚಾ
ಚೈನಿಗೆ ಎಣ್ಣಿ ಬಿಟ್ಟಕೋತ ಹೇಳಿದ:
"ಇದಕ್ಕ ಹಾಕ್ತಿ, ನಿನಗ ಯಾವಾಗ ಹಾಕ್ತಿ ಬೇಟಿ?
ಹಸಿವಿ ಸರ್ಕಾರಿ ಬಸ್ಸಿದ್ದಂಗ, ಕಾದ್ರ ಬರೋದಿಲ್ಲ.
ಟೈಮಿಗೆ ನೀನೇ ಹೊಂಟುಬಿಡು."

ಡಬ್ಬಿ ಪುಡಿ ತಂದು ಮೂರು ದಿನ ಕುಡದೆ.
ಸುಣ್ಣದ ತಿಳಿನೀರು, ಅದರಾಗ ಚಾಕಲೇಟಿನ ನೆನಪು.
ನಾಲ್ಕನೇ ದಿನ ಡಬ್ಬಿ ಕಡ್ಲಿಬ್ಯಾಳಿ ತುಂಬಲಿಕ್ಕ ಹೋಯ್ತು.
ಆಮೇಲ ಶೇಂಗಾ ಹಿಂಡಿ, ಅದರ ಮ್ಯಾಲ ಗಟ್ಟಿ ಮೊಸರು,
ತೊಗರಿಬ್ಯಾಳಿ ಕಿಚಡಿಗೆ ಕುಣಿ ತೋಡಿ ತುಪ್ಪ,
ಸೈಕಲ್ ಚೀಲದಾಗ ಎಳ್ಳುಂಡಿ:
ಏರು ಬರೋ ಮೊದಲು ಒಂದು, ಬಂದ ಮ್ಯಾಲಲ್ಲ.
ಇಷ್ಟು ಕಲೀಲಿಕ್ಕ ನನಗ ಎರಡು ತಿಂಗಳು.

ಉಣ್ಣೋದೂ ಒಂದು ಏರೇ.
ನಾಕನೇ ತುತ್ತಿಗೆ ದಮ್ಮು ಹತ್ತತದ;
ಗೇರು ಇಳಿಸಿ
ಸಣ್ಣ ತುತ್ತು, ಸಣ್ಣ ತುತ್ತು.

ಖರೆ ಮಾತು ಬ್ಯಾರೆ ಅದ.
ನಮ್ಮ ಮನ್ಯಾಗ ಬಡಸೋದಕ್ಕ ಒಂದು ಸಾಲು ಇತ್ತು:
ಅಪ್ಪ, ಅಣ್ಣಂದಿರು, ಬಂದವರು ಹೋದವರು,
ಆಮೇಲ ನಾ, ಆಮೇಲ ಅವ್ವ.
ಆ ಹೊತ್ತಿಗೆ ರೊಟ್ಟಿ ತಣ್ಣಗ, ಬುಟ್ಟಿ ಬುಡ ಕಾಣೋದು.
ಈಗ ಐದಕ್ಕ ಹೊಂಡಬೇಕು, ನಾಲ್ಕೂವರಿಗೆ ಉಣ್ಣಬೇಕು.
ಸಾಲು ಇನ್ನೂ ಮಲಗಿರತದ.
ಅವ್ವ ಹಂಚು ಇಟ್ಟು ಬಡೀಲತ್ತಿದ್ದಳು,
ಯಾರೂ ಏಳದಂಗ ಮೆಲ್ಲಕ.
ಮೊದಲ ರೊಟ್ಟಿ ಉಬ್ಬಿ ಬಂದದ್ದು ನನ್ನ ತಾಟಿಗೆ.
ಎರಡನೇದು ಮುರದು ಅರ್ಧ ಆಕಿ ಕೈಗಿಟ್ಟೆ.
ನಿಂತಲ್ಲೇ ತಿಂದಳು, ಒಲಿ ಕಡಿ ಮಾರಿ ಮಾಡಿ,
ಕದ್ದವರಂಗ.
ನಾಲಿಗಿ ಸುಟ್ಟುಕೊಂಡಳು.
"ಇಷ್ಟು ಸುಡತದೇನು ಇದು?" ಅಂದಳು,
ಮೂವತ್ತು ವರ್ಷ ತಾನೇ ಬಡದ ರೊಟ್ಟಿಗೆ.

ಸಲ್ವಾರಿನ ಲಾಡಿ ಎರಡು ಬೆರಳು ಗಿಡ್ಡ ಆಗ್ಯದ.
ಅಷ್ಟೂರಿನ ಏರು ಈಗ ಎರಡು ಕಡಿ ನಿಂತರ ಆಗತದ,
ಒಂದೇ ದಮ್ಮಿಗೆ ಇನ್ನೂ ಇಲ್ಲ.
ಗಾಳಿ ಹ್ಯಾಂಡಲ್ ಹಿಡೀತದ,
ಖರೆ, ಯಾರ ಮನಿದು ಅಂತ ಕೇಳೋದಿಲ್ಲ.

ನಿನ್ನೆ ಬಸ್ ಸ್ಟ್ಯಾಂಡಿನ, ದೀಪ ಮಿಣುಕೋ ಮಶೀನಿನ ಮ್ಯಾಲ
ರೂಪಾಯಿ ಹಾಕಿ ನಿಂತೆ. ನಲವತ್ತಾರು.
ಚೀಟಿ ಹಿಂದ ವಿದೇಶ ಪ್ರಯಾಣದ ಯೋಗ ಅಂತ ಇತ್ತು.
ಅವ್ವ ಬದಿಗೆ ನಿಂತಿದ್ದಳು, ಕೈಚೀಲ ಹಿಡದು.
"ನೀನೂ ಹತ್ತು" ಅಂದೆ.
"ನನ್ನ ತೂಕ ಯಾರಿಗೆ ಬೇಕಾಗ್ಯದ" ಅಂದಳು,
ಚಪ್ಪಲಿ ಬಿಟ್ಟು,
ಕೈಚೀಲ ನನ್ನ ಕೈಗೆ ಕೊಟ್ಟು.